ಮುಸ್ಸಂಜೆಯ ತೆರೆಯ ಮೇಲೆ ಸಪ್ತವ್ಯಸನ

ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಮನೆಗೆ ಸಂಜೆ ದೀರ್ಘವಾದದ್ದು. ಉದ್ಯೋಗದ ಮೇಲೆ ನಾಸಿಕಕ್ಕೋ ಛತ್ರಪತಿ ಸಂಭಾಜಿನಗರಕ್ಕೋ ಹೋಗಿ ನೆಲೆಸಿದ ಕನ್ನಡ ಜೈನ ಕುಟುಂಬಗಳಲ್ಲಿ ಏಳು ಗಂಟೆಯ ಹೊತ್ತಿಗೆ ಅಡುಗೆಮನೆಯ ದೀಪ ಆರಿರುತ್ತದೆ, ಆರತಿ ಮುಗಿದಿರುತ್ತದೆ, ಅಜ್ಜಿ ಜಪಮಾಲೆಯನ್ನು ಕೈಯಲ್ಲಿ ಹಿಡಿದೇ ಟಿ.ವಿ. ಮುಂದೆ ಕುಳಿತಿರುತ್ತಾರೆ. ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಆ ಮನೆಯೊಳಗೆ ದಿನಕ್ಕೆ ಎರಡು ಗಂಟೆಯಾದರೂ ಕನ್ನಡ ಕೇಳಿಸುವುದು ಧಾರಾವಾಹಿಯಿಂದ. ಮೊಮ್ಮಕ್ಕಳಿಗೆ ಕ್ರಿಕೆಟ್ ಬೇಕು. ಅಂತೂ ಏಳರಿಂದ ಹತ್ತರವರೆಗೆ ಮೂರು ತಲೆಮಾರು ಒಂದೇ ತೆರೆಯನ್ನು ನೋಡುತ್ತದೆ. ಜಾಹೀರಾತುದಾರರು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವುದೂ ಇದೇ ಮೂರು ಗಂಟೆಗಳನ್ನು.

ಗಂಟೆಯೊಂದಕ್ಕೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದೆಂದು 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳು ಹೇಳುತ್ತವೆ. ಆ 12 ನಿಮಿಷಗಳಲ್ಲಿ ಏನೇನು ಬಂದುಹೋಗುತ್ತದೆ ಎಂಬುದನ್ನು ಪಾಠಶಾಲೆಯಲ್ಲಿ ಸಪ್ತವ್ಯಸನಗಳ ಹೆಸರು ಕಲಿತ ಮಗು ಬೆರಳು ಮಡಿಸಿ ಎಣಿಸಬಹುದು. ದ್ಯೂತ ಮೊದಲನೆಯದು, ಈಚಿನವರೆಗೂ ರಮ್ಮಿಯ ಆ್ಯಪುಗಳು, ತಂಡ ಕಟ್ಟಿ ಹಣ ಹೂಡುವ ಆಟಗಳು ಪ್ರತಿ ಓವರಿನ ಕೊನೆಗೂ ಬರುತ್ತಿದ್ದವು. ಮಾಂಸ ಎರಡನೆಯದು, ಮನೆ ಬಾಗಿಲಿಗೆ ತಂದು ಕೊಡುವ ಹಸಿ ಮಾಂಸದ ಕಂಪನಿಗಳು ಕತ್ತರಿಸಿದ ತುಂಡುಗಳನ್ನು ಹತ್ತಿರದಿಂದ ತೋರಿಸುತ್ತವೆ. ಮದ್ಯ ಸೋಡಾದ ವೇಷದಲ್ಲಿ, ಸಂಗೀತದ ಸಿ.ಡಿ.ಯ ವೇಷದಲ್ಲಿ ಬರುತ್ತದೆ. ಉಳಿದ ವ್ಯಸನಗಳ ಪೈಕಿ ಪರಸ್ತ್ರೀಯ ಸುಳಿವನ್ನು ಸುಗಂಧದ್ರವ್ಯದವರು ಗುತ್ತಿಗೆ ಹಿಡಿದಂತಿದೆ. ಬೇಟೆ ಮತ್ತು ಕಳ್ಳತನಕ್ಕೆ ಇನ್ನೂ ಪ್ರಾಯೋಜಕರು ಸಿಕ್ಕಿಲ್ಲವೆಂಬುದೇ ಸಮಾಧಾನ.

ಹೀಗೆ ಬಂದಾಗ ಮನೆಯಲ್ಲಿ ಆಗುವುದು ಎಲ್ಲರಿಗೂ ಗೊತ್ತು. ತಂದೆ ರಿಮೋಟ್ ಹುಡುಕುತ್ತಾರೆ, ತಾಯಿ ನೀರು ತರುವ ನೆಪದಲ್ಲಿ ಏಳುತ್ತಾರೆ, ಅಜ್ಜಿ ಜಪಮಾಲೆಯ ಮಣಿಗಳನ್ನು ಸ್ವಲ್ಪ ಬೇಗ ಸರಿಸುತ್ತಾರೆ. ಮಗು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತದೆ. ಈ ಮುಜುಗರವನ್ನು ಸಮಾಜವು ನ್ಯಾಯಾಲಯದವರೆಗೆ ಒಯ್ದದ್ದೂ ಉಂಟು. ಅದು ಸೋತು ಹಿಂದಿರುಗಿದ ಬಗೆಯನ್ನು ಶಾಂತವಾಗಿ ಪರಿಶೀಲಿಸುವ ಕೆಲಸ ಸಮಾಜದೊಳಗೆ ಸಾಕಷ್ಟು ನಡೆದಿಲ್ಲ.

2022ರ ಸೆಪ್ಟೆಂಬರಿನಲ್ಲಿ, ಪರ್ಯುಷಣ ಮತ್ತು ದಶಲಕ್ಷಣ ಪರ್ವಗಳು ಮುಗಿದ ಹೊಸತರಲ್ಲಿ, ಆತ್ಮ ಕಮಲ ಲಬ್ಧಿಸೂರೀಶ್ವರಜಿ ಜೈನ ಜ್ಞಾನಮಂದಿರ ಟ್ರಸ್ಟ್, ಶೇಠ್ ಮೋತಿಶಾ ಟ್ರಸ್ಟ್ ಮೊದಲಾದ ಸಂಸ್ಥೆಗಳು ಬಾಂಬೆ ಹೈಕೋರ್ಟಿನ ಮೊರೆ ಹೊಕ್ಕವು. ಟಿ.ವಿ. ಮತ್ತು ಪತ್ರಿಕೆಗಳಲ್ಲಿ ಮಾಂಸದ ಜಾಹೀರಾತನ್ನು ನಿಷೇಧಿಸಬೇಕು ಎಂಬುದು ಪ್ರಾರ್ಥನೆ. ಯಾರು ಏನು ತಿನ್ನಬೇಕೆಂಬುದರಲ್ಲಿ ತಮಗೆ ತಕರಾರಿಲ್ಲ, ಆದರೆ ತಮ್ಮ ಮಕ್ಕಳು ಇಂಥ ದೃಶ್ಯವನ್ನು ಬಲವಂತವಾಗಿ ನೋಡಬೇಕಾಗಿದೆ ಎಂಬುದು ಅವರ ವಾದ. ಮುಖ್ಯ ನ್ಯಾಯಮೂರ್ತಿ ದೀಪಂಕರ ದತ್ತ ಮತ್ತು ನ್ಯಾಯಮೂರ್ತಿ ಮಾಧವ ಜಾಮದಾರ್ ಅವರ ಪೀಠ ಇದನ್ನು ಒಪ್ಪಲಿಲ್ಲ. ಕಾನೂನುಬದ್ಧವಾದ ವ್ಯಾಪಾರದ ಜಾಹೀರಾತನ್ನು ತಡೆದರೆ ಇತರರ ಹಕ್ಕಿನ ಮೇಲೆ ಕೈ ಹಾಕಿದಂತಾಗುವುದಿಲ್ಲವೇ ಎಂದು ಅದು ಕೇಳಿತು; ಸಾಮಾನ್ಯ ಮನುಷ್ಯನಾದರೆ ಟಿ.ವಿ. ಆರಿಸಿ ಎಂದುಬಿಡುತ್ತಾನೆ ಎಂದಿತು. ನಿಷೇಧದ ನಿಯಮ ರೂಪಿಸುವುದು ಶಾಸಕಾಂಗದ ಕೆಲಸವೆಂದಿತು. ಅರ್ಜಿಯನ್ನು ಹಿಂತೆಗೆದುಕೊಳ್ಳಲಾಯಿತು.

ಆ ದಿನ ಅನೇಕ ಜೈನ ಮನೆಗಳಲ್ಲಿ ನೋವಾದದ್ದು ಸಹಜ. ಆದರೆ ಅರ್ಜಿ ಗೆದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ನೋಡುವವರ ಧಾರ್ಮಿಕ ಭಾವನೆಗೆ ಇರಿಸುಮುರಿಸಾಗುತ್ತದೆ ಎಂಬ ಒಂದೇ ಕಾರಣಕ್ಕೆ ಕಾನೂನುಬದ್ಧ ದೃಶ್ಯವೊಂದನ್ನು ತೆರೆಯಿಂದ ಇಳಿಸಬಹುದು ಎಂಬ ತತ್ತ್ವ ಒಮ್ಮೆ ಸ್ಥಾಪಿತವಾದರೆ ಅದು ಮಾಂಸದಂಗಡಿಯ ಬಳಿ ನಿಲ್ಲುವುದಿಲ್ಲ. ನಾಸಿಕ ಜಿಲ್ಲೆಯ ಮಾಂಗಿ ತುಂಗಿಯ ಬೆಟ್ಟದಲ್ಲಿ 2016ರಲ್ಲಿ ಪ್ರತಿಷ್ಠೆಯಾದ ಋಷಭದೇವರ ಮೂರ್ತಿ 108 ಅಡಿ ಎತ್ತರದ್ದು, ದಿಗಂಬರ ಮೂರ್ತಿ. ಸಂಭಾಜಿನಗರದ ಸಮೀಪದ ಎಲ್ಲೋರದಲ್ಲಿ 30ರಿಂದ 34ರವರೆಗಿನ ಗುಹೆಗಳು ಜೈನರವು. ರಾಷ್ಟ್ರಕೂಟರ ನಾಡಿನಲ್ಲಿ ಕಡೆದ ಬಾಹುಬಲಿ, ಪಾರ್ಶ್ವನಾಥರು ಅಲ್ಲಿ ದಿಗಂಬರರಾಗಿಯೇ ನಿಂತಿದ್ದಾರೆ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ದೇಶ ಟಿ.ವಿ.ಯಲ್ಲಿ ನೋಡಿತು. ಇವುಗಳನ್ನು ಕಂಡು ಮುಜುಗರಪಡುವವರು ಈ ದೇಶದಲ್ಲಿ ಇಲ್ಲವೇ? 2016ರ ಆಗಸ್ಟಿನಲ್ಲಿ ಮುನಿ ತರುಣಸಾಗರರು ಹರಿಯಾಣದ ವಿಧಾನಸಭೆಯಲ್ಲಿ ಪ್ರವಚನ ನೀಡಿದಾಗ ಗಾಯಕ ವಿಶಾಲ್ ದದ್ಲಾನಿ ಅದನ್ನು ಹೀಯಾಳಿಸಿದರು, ಸಮಾಜ ಕೆರಳಿತು, ಅವರು ಕ್ಷಮೆ ಕೇಳಿದರು. ಆದರೆ ಮಕ್ಕಳೊಂದಿಗೆ ಕುಳಿತು ನೋಡಲು ತಮಗೆ ಸಂಕೋಚವಾಗುತ್ತದೆ ಎಂದು ನಾಳೆ ಇನ್ನೊಬ್ಬರು, ಹೀಯಾಳಿಸದೆ, ವಿನಯದಿಂದಲೇ ಅರ್ಜಿ ಹಾಕಿದರೆ? 2022ರ ಅರ್ಜಿಯ ವಾಕ್ಯಗಳನ್ನೇ ಅವರು ಎರವಲು ಪಡೆಯಬಹುದು. ಸಂಖ್ಯೆಯಲ್ಲಿ ಅಲ್ಪರಾದವರು ಬಹುಸಂಖ್ಯಾತರ ಸಂಕೋಚವನ್ನು ಕಾನೂನಿನ ಅಳತೆಗೋಲಾಗಿ ಮಾಡಲು ಹೋಗಬಾರದು. ಆ ಕೋಲಿನಿಂದ ಮೊದಲ ಏಟು ಬೀಳುವುದು ಅಲ್ಪರ ಮೇಲೆಯೇ.

ಅದೇ ಹೈಕೋರ್ಟಿನ ಇನ್ನೊಂದು ಪೀಠದಲ್ಲಿ ಇನ್ನೊಂದು ಜಾಹೀರಾತಿನ ಪ್ರಕರಣ ನಡೆದಿತ್ತು. ಅದರ ಸುದ್ದಿ ಜೈನ ಮನೆಗಳಲ್ಲಿ ಚರ್ಚೆಯಾದದ್ದು ಕಡಿಮೆ.

ಔರಂಗಾಬಾದ್ ಪೀಠ ಎಂದು ಹೆಸರಾದ, ನಗರದ ಹೆಸರು ಈಗ ಛತ್ರಪತಿ ಸಂಭಾಜಿನಗರವಾಗಿರುವ, ಆ ಪೀಠಕ್ಕೆ 2015ರಲ್ಲಿ ಒಬ್ಬ ಶಿಕ್ಷಕರು ಹೋದರು. ಟಿ.ವಿ.ಯಲ್ಲಿ ಹನುಮಾನ್ ಚಾಲೀಸಾ ಯಂತ್ರ ಎಂಬ ವಸ್ತುವಿನ ಜಾಹೀರಾತು ಬರುತ್ತಿತ್ತು. ಅದನ್ನು ಧರಿಸಿದರೆ ಕಷ್ಟ ಕಳೆಯುತ್ತದೆ, ವ್ಯಾಪಾರ ಕುದುರುತ್ತದೆ ಎಂದು ಪರಿಚಿತ ಮುಖಗಳು ತಮ್ಮ ಅನುಭವವೆಂಬಂತೆ ಹೇಳುತ್ತಿದ್ದವು. ಶಿಕ್ಷಕರು ತಮ್ಮ ಭಾವನೆಗೆ ನೋವಾಯಿತೆಂದು ವಾದಿಸಲಿಲ್ಲ. ಇದು ಸುಳ್ಳು, ಈ ಸುಳ್ಳನ್ನು ಕಾನೂನು ಆಗಲೇ ನಿಷೇಧಿಸಿದೆ ಎಂದರು. ಅವರ ಕೈಯಲ್ಲಿದ್ದದ್ದು ಮಹಾರಾಷ್ಟ್ರದ 2013ರ ವಾಮಾಚಾರ ನಿರ್ಮೂಲನ ಕಾಯ್ದೆ. ಅದೇ ವರ್ಷದ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದ ಡಾ. ನರೇಂದ್ರ ದಾಭೋಲ್ಕರ್ ವರ್ಷಾನುಗಟ್ಟಲೆ ಹೋರಾಡಿದ ಕಾಯ್ದೆ ಅದು.

2021ರ ಜನವರಿಯಲ್ಲಿ ನ್ಯಾಯಮೂರ್ತಿ ಟಿ.ವಿ. ನಲವಡೆ ಮತ್ತು ನ್ಯಾಯಮೂರ್ತಿ ಎಂ.ಜಿ. ಸೇವ್ಲಿಕರ್ ಅವರ ಪೀಠ ತೀರ್ಪು ನೀಡಿತು. ದೇವರ ಹೆಸರಿನಲ್ಲಿ, ಬಾಬಾಗಳ ಹೆಸರಿನಲ್ಲಿ, ಅಲೌಕಿಕ ಶಕ್ತಿ ಇದೆಯೆಂದು ಹೇಳಿ ವಸ್ತು ಮಾರುವ ಜಾಹೀರಾತು ಅಕ್ರಮ. ಮಾರುವವರಷ್ಟೇ ಅಲ್ಲ, ಪ್ರಸಾರ ಮಾಡುವವರೂ ಹೊಣೆಗಾರರು. ಇಂಥವು ತೆರೆಗೆ ಬಾರದಂತೆ ಕಾಯಲು ಸರ್ಕಾರಗಳು ಒಂದು ಘಟಕವನ್ನು ಸ್ಥಾಪಿಸಬೇಕು. ಗಮನಿಸಬೇಕಾದ ಸಂಗತಿಯೆಂದರೆ ಟಿ.ವಿ. ಆರಿಸಿಕೊಳ್ಳಿ ಎಂದು ಆ ಶಿಕ್ಷಕರಿಗೆ ಯಾರೂ ಹೇಳಲಿಲ್ಲ.

ಒಂದೇ ಹೈಕೋರ್ಟು, ನಡುವೆ ಎರಡು ವರ್ಷವೂ ಇಲ್ಲ. ಟ್ರಸ್ಟುಗಳಿಗೆ ಹಣವಿತ್ತು, ಹಿಂದೆ ಸಮಾಜವಿತ್ತು. ಶಿಕ್ಷಕರಿಗೆ ಕಾಯ್ದೆಯ ಒಂದು ಕಲಮು ಇತ್ತು. ಅದು ಸಾಕಾಯಿತು.

ಶ್ರಾವಕಾಚಾರದ ದೃಷ್ಟಿಯಿಂದ ನೋಡಿದರೂ ಈ ಭೇದ ಸ್ಪಷ್ಟವಾಗಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಎರಡು ಜಾಹೀರಾತಿನ ಕಾಲಕ್ಕೇ ಹೇಳಿದಂತಿವೆ. ಇನ್ನೊಬ್ಬರನ್ನು ಪಾಪಕಾರ್ಯಕ್ಕೆ ಪ್ರೇರೇಪಿಸುವ ಮಾತು ಪಾಪೋಪದೇಶ. ಮನಸ್ಸನ್ನು ಕಲುಷಿತಗೊಳಿಸುವುದನ್ನು ಕೇಳುತ್ತ ಕೂರುವುದು ದುಃಶ್ರುತಿ. ತೆರೆಯ ಮೇಲಿರುವವನಿಗೂ ತೆರೆಯ ಮುಂದಿರುವವನಿಗೂ ದೋಷವುಂಟು. ಆದರೆ ಅನರ್ಥದಂಡ ವಿರತಿ ಎಂಬುದು ವ್ರತ. ವ್ರತ ತೊಟ್ಟವನನ್ನು ಅದು ಕಟ್ಟುತ್ತದೆ, ಪಕ್ಕದ ಮನೆಯವನನ್ನಲ್ಲ. ಮಾಂಸದ ಜಾಹೀರಾತು ಬಂದಾಗ ಚಾನೆಲ್ ಬದಲಿಸುವುದು ಶ್ರಾವಕನ ವ್ರತಪಾಲನೆ; ಪಕ್ಕದ ಮನೆಯ ತಟ್ಟೆಗೆ ಸಂಬಂಧಿಸಿದ ಜಾಹೀರಾತನ್ನು ಸರ್ಕಾರದಿಂದ ಅಳಿಸಹೊರಡುವುದು ಬೇರೆಯೇ ಕೆಲಸ. ಸುಳ್ಳು ಹಾಗಲ್ಲ. ಸುಳ್ಳು ಹೇಳಿ ಹಣ ಕೀಳುವುದನ್ನು ಯಾವ ಮತವೂ ಊಟದ ರೂಢಿಯೆಂದು ಸಮರ್ಥಿಸಿಕೊಳ್ಳುವುದಿಲ್ಲ, ದೇಶದ ಕಾನೂನೂ ಸಮರ್ಥಿಸುವುದಿಲ್ಲ.

ಹೀಗಿರುವಾಗ ಮುಸ್ಸಂಜೆಯ ತೆರೆಯ ಮೇಲೆ ನಿಜವಾಗಿ ಎದುರಿಸಬೇಕಾದ ಸುಳ್ಳು ಯಾವುದು? ಮಹಾರಾಷ್ಟ್ರದಲ್ಲಿದ್ದವರಿಗೆ ಉತ್ತರ ಕೈಗೆ ಎಟುಕುವಷ್ಟು ಹತ್ತಿರವಿದೆ. 2012ರ ಜುಲೈಯಿಂದ ಆ ರಾಜ್ಯದಲ್ಲಿ ಗುಟ್ಕಾ ಮಾತ್ರವಲ್ಲ, ಪಾನ್ ಮಸಾಲೆಯ ಮಾರಾಟವೇ ನಿಷಿದ್ಧ. ಆದರೂ ನಾಸಿಕದ ಮನೆಯಲ್ಲಿ ಕ್ರಿಕೆಟ್ ನೋಡುವ ಹುಡುಗನಿಗೆ ಪಾನ್ ಮಸಾಲೆಯ ಬ್ರ್ಯಾಂಡುಗಳೆಲ್ಲ ಬಾಯಿಪಾಠ. ತೆರೆಯ ಮೇಲೆ ಕಾಣುವುದು ಏಲಕ್ಕಿ, ಬೆಳ್ಳಿಯ ಹಾಳೆ ಸುತ್ತಿದ ಏಲಕ್ಕಿ. ಹೆಸರು ಮಾತ್ರ ಮಸಾಲೆಯದು. 2021ರ ಅಕ್ಟೋಬರಿನಲ್ಲಿ ಅಮಿತಾಭ್ ಬಚ್ಚನ್ ಇಂಥ ಒಂದು ಜಾಹೀರಾತಿನಿಂದ ಹಿಂದೆ ಸರಿದರು; ಅದು ಬದಲಿ ವಸ್ತುವಿನ ಹೆಸರಿನಲ್ಲಿ ನಡೆಯುವ ಪ್ರಚಾರವೆಂದು ತಮಗೆ ತಿಳಿದಿರಲಿಲ್ಲ ಎಂಬುದು ಅವರ ಕಡೆಯಿಂದ ಬಂದ ವಿವರಣೆ. ಮರುವರ್ಷ ಏಪ್ರಿಲಿನಲ್ಲಿ ಅಕ್ಷಯ್ ಕುಮಾರ್ ಕ್ಷಮೆ ಕೇಳಿದರು. ಅದೇ 2022ರ ಜೂನ್ 9ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ ಮಾರುವೇಷದ ಜಾಹೀರಾತನ್ನು ನೇರವಾಗಿಯೇ ನಿಷೇಧಿಸಿ ಮಾರ್ಗಸೂಚಿ ಹೊರಡಿಸಿತು. ಅಂದರೆ ಟ್ರಸ್ಟುಗಳು ಮಾಂಸದ ಅರ್ಜಿ ಸಿದ್ಧಪಡಿಸುತ್ತಿದ್ದ ದಿನಗಳಲ್ಲೇ ಇನ್ನೊಂದು ಅಸ್ತ್ರ, ಗೆಲ್ಲಬಹುದಾದ ಅಸ್ತ್ರ, ಬಳಸುವವರಿಲ್ಲದೆ ಬಿದ್ದಿತ್ತು.

ಬಳಸದಿರುವುದಕ್ಕೆ ಒಂದು ಕಾರಣವನ್ನು ಸಮಾಜ ತನ್ನೊಳಗೇ ಹುಡುಕಬೇಕು. ಮಾಂಸದ ಅಂಗಡಿ ಇಟ್ಟ ಜೈನ ಸಿಗುವುದಿಲ್ಲ. ಪಾನ್ ಮಸಾಲೆಯ ಸಗಟು ವ್ಯಾಪಾರದ ಬಗ್ಗೆ, ಬಾರಿಗೆ ಬಾಡಿಗೆ ಕೊಟ್ಟ ಮಳಿಗೆಯ ಬಗ್ಗೆ ಅಷ್ಟೇ ಧೈರ್ಯದಿಂದ ಹೇಳಬಹುದೇ? ಶ್ರಾವಕನು ಬಿಡಬೇಕಾದ 15 ಬಗೆಯ ಖರಕರ್ಮಗಳಲ್ಲಿ ವಿಷವಾಣಿಜ್ಯ ಒಂದು. ಪಂಚಕಲ್ಯಾಣದ ಸ್ಮರಣ ಸಂಚಿಕೆಯ ಹಿಂಬದಿಯ ರಕ್ಷಾಪುಟವನ್ನು ಯಾರಿಗೆ ಮಾರಬೇಕು ಎಂಬ ಪ್ರಶ್ನೆ ಬಂದಾಗ ಸಮಿತಿಗಳು ಆ ಪಟ್ಟಿಯನ್ನು ತೆರೆದು ನೋಡುವುದು ಒಳ್ಳೆಯದು. ಯಂತ್ರಗಳ ವಿಚಾರವೂ ಹಾಗೆಯೇ. ಪದ್ಮಾವತಿಯ ಹೆಸರಿನ ಯಂತ್ರಗಳೂ ಧನಪ್ರಾಪ್ತಿಯ ಭರವಸೆಯೊಂದಿಗೆ ಮಾರಾಟಕ್ಕಿವೆ. ಹನುಮಾನ್ ಚಾಲೀಸಾ ಯಂತ್ರಕ್ಕೆ ಅನ್ವಯಿಸಿದ ತೀರ್ಪು ಅವಕ್ಕೆ ಅನ್ವಯಿಸುವುದಿಲ್ಲವೆಂದು ಯಾರೂ ಭಾವಿಸಬೇಕಿಲ್ಲ. ಕರ್ಮಸಿದ್ಧಾಂತವನ್ನು ನಂಬಿದವರಿಗೆ ತಾಮ್ರದ ತಗಡಿನಿಂದ ಅಂತರಾಯ ಕರ್ಮ ಕ್ಷಯವಾಗುತ್ತದೆಂದು ಹೇಳುವುದು ಎಂಥ ಉಪದೇಶ?

ಜೂಜಿನ ಕಥೆಗೆ ನಾಸಿಕ ಜಿಲ್ಲೆಯೇ ಒಂದು ಅಧ್ಯಾಯವನ್ನು ಒದಗಿಸಿದೆ. 2025ರ ಜುಲೈನಲ್ಲಿ ಸಿನ್ನರ್ ಕ್ಷೇತ್ರದ ಶಾಸಕ, ಆಗ ರಾಜ್ಯದ ಕೃಷಿ ಸಚಿವರಾಗಿದ್ದ ಮಾಣಿಕರಾವ್ ಕೋಕಾಟೆ ಅವರು ಸದನದಲ್ಲಿ ಕುಳಿತು ಮೊಬೈಲಿನಲ್ಲಿ ರಮ್ಮಿ ನೋಡುತ್ತಿದ್ದಂತೆ ಕಾಣುವ ವಿಡಿಯೊ ಹೊರಬಂತು. ತಾವು ಆಡುತ್ತಿರಲಿಲ್ಲ, ಅದು ತಾನಾಗಿ ತೆರೆಯ ಮೇಲೆ ಬಂದ ಜಾಹೀರಾತು, ಅದನ್ನು ತೆಗೆದುಹಾಕಲು ಯತ್ನಿಸುತ್ತಿದ್ದೆ ಎಂಬುದು ಅವರ ಸಮಜಾಯಿಷಿ. ರೈತರ ಬವಣೆಯ ನಡುವೆ ಕೃಷಿ ಸಚಿವರ ಕೈಯಲ್ಲಿ ರಮ್ಮಿಯೇ ಎಂದು ವಿರೋಧ ಪಕ್ಷಗಳು ಗದ್ದಲವೆಬ್ಬಿಸಿದವು. ಕೆಲವೇ ದಿನಗಳಲ್ಲಿ ಕೃಷಿ ಖಾತೆ ಕೈತಪ್ಪಿ ಕ್ರೀಡಾ ಖಾತೆ ಬಂತು. ರಮ್ಮಿಯ ಗದ್ದಲದ ಬಳಿಕ ಕ್ರೀಡಾ ಖಾತೆ! ಅವರ ಮಾತನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಂಬಿದರೆ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ: ಸಚಿವರ ಕೈಯಲ್ಲಿದ್ದ ತೆರೆಗೇ ಕರೆಯದೆ ನುಗ್ಗಿ ಬರುವ ಜಾಹೀರಾತು ಏಳನೆಯ ತರಗತಿಯ ಹುಡುಗನನ್ನು ಬಿಟ್ಟೀತೇ?

ಈ ವಿಷಯದಲ್ಲಿ ಸರ್ಕಾರಗಳ ನಡೆ ನೋಡುವಂತಿದೆ. 2020ರ ಡಿಸೆಂಬರಿನಲ್ಲಿ ಹಣದ ಆಟಗಳ ಜಾಹೀರಾತಿನಲ್ಲಿ ಐದನೇ ಒಂದು ಭಾಗ ಜಾಗವನ್ನು ಎಚ್ಚರಿಕೆಗೆ ಬಿಡಬೇಕೆಂಬ ನಿಯಮ ಬಂತು, ಟಿ.ವಿ.ಯಲ್ಲಿ ಆ ಎಚ್ಚರಿಕೆಯನ್ನು ಉಸಿರು ಬಿಡದೆ ಓದಿ ಮುಗಿಸುವ ಕಲೆಯೇ ಬೆಳೆಯಿತು. 2023ರಲ್ಲಿ ಭಾರತ ತಂಡದ ಅಂಗಿಯ ಎದೆಯ ಮೇಲೆ ಡ್ರೀಮ್11 ಎಂಬ ಹೆಸರು ಬಂತು. ಅದೇ ಅಕ್ಟೋಬರಿನಿಂದ ಇಂಥ ಆಟಗಳಿಗೆ ಶೇ. 28ರ ಜಿ.ಎಸ್.ಟಿ. ಆಮೇಲೆ 2025ರ ಆಗಸ್ಟಿನಲ್ಲಿ ಎರಡೇ ದಿನಗಳಲ್ಲಿ ಎರಡೂ ಸದನಗಳು ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಅಂಗೀಕರಿಸಿ ಹಣದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದವು; ಜಾಹೀರಾತು ನೀಡಿದವರಿಗೆ ಎರಡು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಆಟಗಾರರ ಅಂಗಿಯಿಂದ ಹೆಸರು ಅಳಿಯಿತು. ಎರಡು ದಿನಗಳಲ್ಲಿ ಆಗುವ ಕೆಲಸಕ್ಕೆ ಅಷ್ಟು ವರ್ಷ ಕಾದದ್ದೇಕೆ, ಆ ನಡುವೆ ಎಷ್ಟು ಮನೆಗಳ ಉಳಿತಾಯ ಕರಗಿತು ಎಂಬುದನ್ನು ಮತ ಕೇಳಲು ಬರುವ ಎಲ್ಲ ಪಕ್ಷದವರನ್ನೂ ಕೇಳಬಹುದು.

ಅಶ್ಲೀಲತೆಯ ಮಾತಿಗೆ ಬಂದರೆ, ಎಲ್ಲ ಮುಜುಗರವೂ ಒಂದೇ ತೂಕದ್ದಲ್ಲ. 2017ರ ಡಿಸೆಂಬರ್ 11ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಮಾತ್ರ ತೋರಿಸಬೇಕೆಂದಿತು. ಕೆಲವೇ ದಿನಗಳಲ್ಲಿ, ಇದು ಕಾಮೋದ್ದೀಪಕವಾದವುಗಳಿಗೆ ಮಾತ್ರ, ಆರೋಗ್ಯದ ತಿಳಿವಳಿಕೆ ಕೊಡುವವುಗಳಿಗಲ್ಲ ಎಂದು ಸ್ಪಷ್ಟಪಡಿಸಿತು. ಆ ಸ್ಪಷ್ಟೀಕರಣ ಸರಿಯಾದದ್ದು. ಹದಿಹರೆಯದ ಮಗ ಕೇಳುವ ಪ್ರಶ್ನೆಗೆ ತಂದೆ ಉತ್ತರಿಸಲಾರದಿರುವುದು ಜಾಹೀರಾತಿನ ತಪ್ಪಲ್ಲ. ಆದರೆ 2022ರ ಜೂನ್ ಮೊದಲ ವಾರ ಲೇಯರ್ ಶಾಟ್ ಎಂಬ ಸುಗಂಧದ್ರವ್ಯದ ಜಾಹೀರಾತು ಕ್ರಿಕೆಟ್ ಪಂದ್ಯದ ನಡುವೆ ಬಂದದ್ದು ಬೇರೆ ಜಾತಿಯದು. ಅಂಗಡಿಯೊಂದರಲ್ಲಿ ಒಂಟಿ ಹೆಣ್ಣಿನ ಬೆನ್ನ ಹಿಂದೆ ನಾಲ್ವರು ಯುವಕರು ಆಡುವ ದ್ವಂದ್ವಾರ್ಥದ ಮಾತು ಅದರ ವಸ್ತು. ಅವಳ ಮುಖದ ಭಯವೇ ಅದರ ಹಾಸ್ಯ. ನೋಡಿದವರು ದೂರು ಕೊಟ್ಟರು. ಜಾಹೀರಾತು ಗುಣಮಟ್ಟ ಮಂಡಳಿ ತಕ್ಷಣ ತಡೆಯಿತು, ಜೂನ್ 4ರಂದು ಸಚಿವಾಲಯವೂ ತಡೆಯಾಜ್ಞೆ ನೀಡಿತು. ಮಗಳು ಪಕ್ಕದಲ್ಲಿ ಕುಳಿತಿದ್ದಾಗ ಇಂಥದ್ದು ಬಂದರೆ ಚಾನೆಲ್ ಬದಲಿಸಿ ಸುಮ್ಮನಾಗುವುದು ಸಂಕೋಚವೂ ಅಲ್ಲ, ಸಂಯಮವೂ ಅಲ್ಲ. ಅದು ಪ್ರಮಾದ.

ದೂರು ಕೊಡುವ ದಾರಿ ಅಷ್ಟೇನೂ ಕಠಿಣವಲ್ಲ. 2021ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಪ್ರತಿ ಚಾನೆಲ್ಲಿಗೂ ದೂರು ಪರಿಹಾರ ಅಧಿಕಾರಿ ಇರಬೇಕು. ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು, 15 ದಿನಗಳಲ್ಲಿ ತೀರ್ಮಾನಿಸಬೇಕು. ಜಾಹೀರಾತಿನ ದೂರನ್ನು ಗುಣಮಟ್ಟ ಮಂಡಳಿಗೂ ನೇರವಾಗಿ ಕಳುಹಿಸಬಹುದು. ಸುಳ್ಳು ಭರವಸೆಯ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬರೆಯುವವರು ಚಾನೆಲ್, ದಿನಾಂಕ, ಗಂಟೆ, ಕಾರ್ಯಕ್ರಮ, ವಸ್ತುವಿನ ಹೆಸರು, ಕಂಡ ದೃಶ್ಯ ಇಷ್ಟನ್ನು ಗುರುತು ಹಾಕಿಕೊಂಡಿದ್ದರೆ ಸಾಕು. ನಿಯಮ 7ನ್ನು ಒಮ್ಮೆ ಓದಿಕೊಂಡರೆ ಇನ್ನೂ ಒಳ್ಳೆಯದು. ಮದ್ಯ ಮತ್ತು ತಂಬಾಕು, ಪವಾಡದ ಗುಣವಿದೆಯೆಂಬ ಹೇಳಿಕೆ, ಮಕ್ಕಳಲ್ಲಿ ಅನಾರೋಗ್ಯಕರ ರೂಢಿಗಳತ್ತ ಆಸಕ್ತಿ ಹುಟ್ಟಿಸುವ ದೃಶ್ಯ, ಅಸಭ್ಯ ನಿರೂಪಣೆ ಇವೆಲ್ಲಕ್ಕೂ ಅದರಲ್ಲಿ ಜಾಗವಿದೆ. ಧಾರ್ಮಿಕ ಭಾವನೆಗೆ ನೋವಾಗಬಾರದೆಂಬ ಮಾತೂ ಅದರಲ್ಲಿದೆ, ನಿಜ. ಟ್ರಸ್ಟುಗಳು ಅದನ್ನು ಮಾತ್ರ ನೆಚ್ಚದೆ ಉಳಿದವನ್ನೂ ನೋಡಬೇಕಿತ್ತು. ಸಂಸ್ಕೃತ ಸ್ತೋತ್ರಗಳನ್ನು ಕಂಠಪಾಠ ಮಾಡಿದ ಮಕ್ಕಳಿಗೆ ಇಂಥದ್ದೊಂದು ದೂರು ಬರೆಯುವುದನ್ನು ಕಲಿಸಲು ಒಂದು ಭಾನುವಾರದ ಪಾಠಶಾಲೆ ಸಾಕು.

ನಾಸಿಕ ಮತ್ತು ತ್ರ್ಯಂಬಕೇಶ್ವರದಲ್ಲಿ 2027ರಲ್ಲಿ ಸಿಂಹಸ್ಥ ಕುಂಭಮೇಳದ ಸ್ನಾನಗಳಿವೆ. ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ನೃಪತುಂಗನ ಕಾಲದವರು ತಿಳಿದಿದ್ದ ಗೋದಾವರಿಯ ದಂಡೆಗೆ ಕೋಟಿಗಟ್ಟಲೆ ಜನ ಬರುತ್ತಾರೆ. ಅದೇ ಹೊತ್ತಿಗೆ ಮ್ಹಸರೂಳದ ಗಜಪಂಥಕ್ಕೆ, ಮಾಂಗಿ ತುಂಗಿಗೆ ಯಾತ್ರೆ ಹೊರಡುವ ಕರ್ನಾಟಕದ ಜೈನ ಬಸ್ಸುಗಳೂ ಇರುತ್ತವೆ. ರುದ್ರಾಕ್ಷಿ, ಯಂತ್ರ, ತಾಯಿತ, ಸಿದ್ಧಿಯ ಉಂಗುರಗಳ ಜಾಹೀರಾತು ಆ ದಿನಗಳಲ್ಲಿ ತೆರೆ ತುಂಬುವುದನ್ನು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಔರಂಗಾಬಾದ್ ಪೀಠದ ತೀರ್ಪು ಹೊರಬಿದ್ದು ಆಗ ಆರು ವರ್ಷ ದಾಟಿರುತ್ತದೆ. 2013ರ ಕಾಯ್ದೆಯ ಪ್ರಕಾರ ನೇಮಕವಾಗಬೇಕಾದ ಜಾಗೃತ ಅಧಿಕಾರಿ ಪೊಲೀಸ್ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗಿರಬಾರದು. ನಾಸಿಕದಲ್ಲಿ, ಸಂಭಾಜಿನಗರದಲ್ಲಿ ಆ ಅಧಿಕಾರಿ ಯಾರು, ಅವರ ಕಚೇರಿ ಎಲ್ಲಿ ಎಂದು ಅಲ್ಲಿನ ಕನ್ನಡ ಜೈನ ಕುಟುಂಬಗಳು ಈಗಲೇ ಹೋಗಿ ವಿಚಾರಿಸಿ ಬರಬಹುದು.